ನಮ್ಮ ಸೀರೆ ಅಂಗಡಿಯ ಸರ್ವರ್ ಸಿಂಗಪುರದಿಂದ ಮುಂಬೈಗೆ ಬಂದ ಬಗೆ

2025ರ ಜೂನ್ 16ರ ಸೋಮವಾರ ಬೆಳಿಗ್ಗೆ ಪುಣೆಯ ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿ, ಮಗಳ ಸೀಮಂತಕ್ಕೆ ಐದು ಇಳಕಲ್ ಸೀರೆ ಆರಿಸಬೇಕೆಂದು ಕುಳಿತಿದ್ದೇನೆ, ನಿಮ್ಮ ಅಂಗಡಿಯೇ ತೆರೆಯುತ್ತಿಲ್ಲವಲ್ಲ ಎಂದರು. ಶಟರ್ ಎತ್ತಿ ಅರ್ಧ ಗಂಟೆಯಾಗಿತ್ತು, ನಾನು ಗಲ್ಲಾಪೆಟ್ಟಿಗೆಯ ಮುಂದೆಯೇ ಕುಳಿತಿದ್ದೆ. ಅವರು ಹೇಳುತ್ತಿರುವುದು ಜಾಲತಾಣದ ಅಂಗಡಿಯ ವಿಷಯ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮೊಬೈಲಿನಲ್ಲಿ ತೆರೆದು ನೋಡಿದರೆ ಬಿಳಿ ಪುಟ, ಅದರ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು. ಕರೆಂಟು ಹೋದಂತೆ ಇದೂ ಒಂದು ಗಂಟೆಯಲ್ಲಿ ಬಂದೀತು ಎಂದುಕೊಂಡು ಗಿರಾಕಿಗೆ ವಾಟ್ಸ್‌ಆಪ್‌ನಲ್ಲಿ ಚಿತ್ರಗಳನ್ನು ಕಳುಹಿಸಿದೆ. ಅದು ಪೂರ್ತಿಯಾಗಿ ನಮ್ಮ ಕೈಗೆ ಬರಲು ಅಕ್ಟೋಬರ್ ಕೊನೆಯವರೆಗೆ ಕಾಯಬೇಕಾಯಿತು. ನಮ್ಮ ಹಾಗೆಯೇ ಊರಲ್ಲಿ ಕುಳಿತು, ಯಾರೋ ಪರಿಚಯದ ಹುಡುಗನ ಕೈಯಲ್ಲಿ ಜಾಲತಾಣ ಮಾಡಿಸಿಕೊಂಡು ವ್ಯಾಪಾರ ನಡೆಸುತ್ತಿರುವವರು ಇಳಕಲ್, ಗುಳೇದಗುಡ್ಡ, ಮೊಳಕಾಲ್ಮೂರು ಎಲ್ಲ ಕಡೆಯೂ ಇದ್ದಾರೆ. ನಾವು ಎಲ್ಲೆಲ್ಲಿ ಎಡವಿದೆವೆಂಬುದು ಅವರಿಗಾದರೂ ಮೊದಲೇ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಜಾಲತಾಣವನ್ನು 2015ರ ಯುಗಾದಿಯ ಹೊತ್ತಿಗೆ ಮಾಡಿಕೊಟ್ಟವರು ನನ್ನ ಯಜಮಾನರ ಸ್ನೇಹಿತರ ತಮ್ಮ. ಆಗ ಅವರು ಹುಬ್ಬಳ್ಳಿಯಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ಕೆಲಸ ನಡೆಸುತ್ತಿದ್ದರು. ಅಂಗಡಿಯ ಚಿತ್ರಗಳು, ಆರ್ಡರ್‌ಗಳ ಪಟ್ಟಿ, ಗಿರಾಕಿಗಳ ವಿಳಾಸ ಎಲ್ಲವನ್ನೂ ಒಂದು ದೊಡ್ಡ ಕ್ಲೌಡ್ ಕಂಪನಿಯ ಸಿಂಗಪುರದ ಡೇಟಾ ಸೆಂಟರಿನಲ್ಲಿ ಇಟ್ಟರು. ಸಿಂಗಪುರ ಏಕೆ ಎಂದು ನಾವು ಕೇಳಲೂ ಇಲ್ಲ, ಕೇಳಿದ್ದರೂ ಬೇರೆ ದಾರಿ ಹೆಚ್ಚು ಇರಲಿಲ್ಲವೆಂದು ಈಗ ಗೊತ್ತಾಗಿದೆ. ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಕೇಂದ್ರಗಳನ್ನು ಭಾರತದಲ್ಲಿ ತೆರೆದದ್ದು ಅದೇ ವರ್ಷದ ಉತ್ತರಾರ್ಧದಲ್ಲಿ. ಅಮೆಜಾನ್ ಮುಂಬೈಗೆ ಬಂದದ್ದು 2016ರ ಜೂನ್‌ನಲ್ಲಿ, ಗೂಗಲ್ 2017ರಲ್ಲಿ. ಅಲ್ಲಿಯವರೆಗೆ ಭಾರತದ ಎಷ್ಟೋ ಅಂಗಡಿಗಳು ಸಿಂಗಪುರದ ಯಂತ್ರಗಳಲ್ಲೇ ಬಾಡಿಗೆಗಿದ್ದವು. ಕ್ಲೌಡ್ ಎಂದರೆ ಕೊನೆಗೂ ಬಾಡಿಗೆ ಮನೆಯ ವ್ಯವಹಾರವೇ: ಎಲ್ಲೋ ಒಂದು ಕಟ್ಟಡದಲ್ಲಿ ಹಗಲಿರುಳು ತಣ್ಣಗಿಟ್ಟ ಯಂತ್ರಗಳಿರುತ್ತವೆ, ಅವುಗಳಲ್ಲಿ ನಮಗೆ ಬೇಕಾದಷ್ಟು ಜಾಗವನ್ನೂ ಶಕ್ತಿಯನ್ನೂ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುತ್ತೇವೆ. ಆ ಬಾಡಿಗೆಯನ್ನು ಅವರು ತಮ್ಮ ಕ್ರೆಡಿಟ್ ಕಾರ್ಡಿನಿಂದ ಕಟ್ಟುತ್ತಿದ್ದರು, ನಾವು ವರ್ಷಕ್ಕೊಮ್ಮೆ ಲೆಕ್ಕ ನೋಡಿ ಅವರ ಖಾತೆಗೆ ಹಣ ಹಾಕುತ್ತಿದ್ದೆವು. ಹತ್ತು ವರ್ಷ ಇದು ಸುಗಮವಾಗಿಯೇ ನಡೆಯಿತು. ತಿಂಗಳಿಗೆ ಅರವತ್ತು ಎಪ್ಪತ್ತು ಸೀರೆ ಆ ದಾರಿಯಲ್ಲೇ ಹೋಗುತ್ತಿದ್ದವು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಹಾರಾಷ್ಟ್ರಕ್ಕೆ.

ಸಂಜೆಯವರೆಗೂ ಪುಟ ತೆರೆಯದಿದ್ದಾಗ ಆ ಹುಡುಗರನ್ನು ಹುಡುಕಲು ಆರಂಭಿಸಿದೆವು. (ಹುಡುಗರು ಎನ್ನುತ್ತೇನೆ, ಈಗ ಅವರಿಗೆ ಮೂವತ್ತೆಂಟು.) ಹಳೆಯ ನಂಬರಿಗೆ ಕರೆ ಮಾಡಿದರೆ ಯಾರೋ ಟ್ರ್ಯಾಕ್ಟರ್ ಮಾಲೀಕರು ಎತ್ತಿ, ಇದು ತಮ್ಮ ನಂಬರಾಗಿ ವರ್ಷವಾಯಿತೆಂದರು. ಕೊನೆಗೆ ಹುಬ್ಬಳ್ಳಿಯ ಅವರ ತಾಯಿಯಿಂದ ಹೊಸ ನಂಬರು ಸಿಕ್ಕಿತು. ಎರಡು ವರ್ಷದಿಂದ ಅವರು ಜರ್ಮನಿಯಲ್ಲಿದ್ದಾರೆ. ರಾತ್ರಿ ಹತ್ತಕ್ಕೆ ಮಾತಿಗೆ ಸಿಕ್ಕಾಗ ವಿಷಯ ಕೇಳಿ ಅವರೇ ಗಾಬರಿಯಾದರು. "ಅಕ್ಕಾರ, ನಂದೇ ತಪ್ಪರಿ. ಆ ಮೇಲ್ ತೆಗೆದು ನೋಡಿ ಎರಡು ವರ್ಷ ಆತರಿ" ಎಂದರು. ಆದದ್ದು ಇಷ್ಟು: ಇಲ್ಲಿನ ಬ್ಯಾಂಕಿನ ಕಾರ್ಡನ್ನು ಅವರು ಫೆಬ್ರವರಿಯಲ್ಲಿ ಮುಚ್ಚಿದ್ದರು, ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳ ಬಾಡಿಗೆ ಕಟ್ಟಲಾಗಿರಲಿಲ್ಲ, ಕಂಪನಿ ಎಚ್ಚರಿಕೆಯ ಮೇಲ್‌ಗಳನ್ನು ಅವರ ಹಳೆಯ ವಿಳಾಸಕ್ಕೆ ಕಳುಹಿಸುತ್ತಲೇ ಇತ್ತು. ಆ ಮೇಲ್ ತೆರೆಯಬೇಕೆಂದರೆ ಒಟಿಪಿ ಬೇಕು, ಒಟಿಪಿ ಹೋಗುವುದು ಆ ಟ್ರ್ಯಾಕ್ಟರ್ ಮಾಲೀಕರ ಫೋನಿಗೆ.

ಇಲ್ಲೊಂದು ಮಾತು. ಬಳಕೆ ನಿಂತ ಮೊಬೈಲ್ ನಂಬರನ್ನು 90 ದಿನಗಳ ನಂತರ ದೂರಸಂಪರ್ಕ ಕಂಪನಿಗಳು ಬೇರೆಯವರಿಗೆ ಕೊಡಬಹುದು. ಆದ್ದರಿಂದ ವಿದೇಶಕ್ಕೆ ಹೋಗುವವರ ನಂಬರಿಗೆ ನಿಮ್ಮ ಅಂಗಡಿಯ ಯಾವುದೇ ಖಾತೆ ಜೋಡಿಸಿದ್ದರೆ ಅವರು ವಿಮಾನ ಹತ್ತುವ ಮೊದಲೇ ಬದಲಿಸಿಕೊಳ್ಳಿ. ಆ ಟ್ರ್ಯಾಕ್ಟರ್ ಮಾಲೀಕರಿಗೇ ಫೋನ್ ಮಾಡಿ ಒಟಿಪಿ ಕೇಳಿಬಿಡೋಣ ಎಂದು ನನ್ನ ಯಜಮಾನರು ಹೇಳಿದರು. ಒಟಿಪಿ ಕೇಳುವ ಅಪರಿಚಿತರನ್ನು ಜನ ಈಗ ಯಾವ ದೃಷ್ಟಿಯಿಂದ ನೋಡುತ್ತಾರೆಂದು ನೆನಪಿಸಿದ ಮೇಲೆ ಸುಮ್ಮನಾದರು.

ಮರುದಿನ ಕ್ಲೌಡ್ ಕಂಪನಿಯ ಸಹಾಯ ವಿಭಾಗಕ್ಕೆ ಬರೆದೆವು. ನಮ್ಮ ಬಳಿ ದಾಖಲೆಗಳ ಕಡತ ಸಿದ್ಧವಾಗಿಯೇ ಇತ್ತು: ಜಿಎಸ್‌ಟಿ ನೋಂದಣಿ ಪತ್ರ, ಪ್ಯಾನ್, ಪುರಸಭೆ ಕಾಲದ ಅಂಗಡಿ ಪರವಾನಗಿ, ಲೆಟರ್‌ಹೆಡ್ ಮೇಲೆ ಸಹಿ ಮೊಹರು ಹಾಕಿದ ವಿನಂತಿ. ಆರು ದಿನಗಳ ಮೇಲೆ ಬಂದ ಉತ್ತರ ಬಹಳ ಸಭ್ಯವಾಗಿತ್ತು, ಅದರ ಸಾರ ಮಾತ್ರ ಒಂದೇ: ನೀವು ಯಾರೆಂದು ನಮಗೆ ಗೊತ್ತಿಲ್ಲ. ಖಾತೆ ಇರುವುದು ಆ ಹುಡುಗರ ವೈಯಕ್ತಿಕ ಹೆಸರಿನಲ್ಲಿ. ಒಳಗಿರುವ ಸೀರೆಗಳ ಚಿತ್ರ ನಮ್ಮದು, ಗಿರಾಕಿಗಳು ನಮ್ಮವರು, ಹಣ ಕೊಟ್ಟದ್ದು ನಾವು. ಆದರೂ ಕಂಪನಿಯ ದೃಷ್ಟಿಯಲ್ಲಿ ಬಾಡಿಗೆದಾರರು ಅವರೇ. ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದೆ: ನಾಳೆ ಯಾರೋ ಲೆಟರ್‌ಹೆಡ್ ಛಾಪಿಸಿಕೊಂಡು ಹೋಗಿ ನಮ್ಮ ಖಾತೆ ಕೇಳಿದರೆ ಅವರು ಕೊಟ್ಟುಬಿಡಬೇಕೆ? ಅವರ ನಿಯಮ ಸರಿಯಾಗಿಯೇ ಇತ್ತು. ಮನೆಯ ಪತ್ರವನ್ನು ಬೇರೆಯವರ ಹೆಸರಿನಲ್ಲಿ ಹತ್ತು ವರ್ಷ ಬಿಟ್ಟವರು ನಾವು.

ಅಲ್ಲಿಂದ ಮುಂದಿನ ಕೆಲಸವೆಲ್ಲ ಆ ಹುಡುಗರೇ ಮಾಡಬೇಕಾಯಿತು. ತಮ್ಮ ಗುರುತಿನ ದಾಖಲೆ, ಹಳೆಯ ಕಾರ್ಡಿನ ಕೊನೆಯ ನಾಲ್ಕು ಅಂಕಿ, ಮೂರು ಹಳೆಯ ಬಿಲ್ಲುಗಳ ಪ್ರತಿ, ಹಳೆಯ ನಂಬರು ತಮ್ಮದಾಗಿತ್ತೆಂಬುದಕ್ಕೆ ಸಾಕ್ಷಿ ಇವನ್ನೆಲ್ಲ ಅವರು ತಮ್ಮ ಆಫೀಸಿನ ಕೆಲಸದ ನಡುವೆ ಹುಡುಕಿ ಕಳುಹಿಸಿದರು. ಬಿಲ್ಲುಗಳು ಸಿಕ್ಕಿದ್ದು ನಮ್ಮಲ್ಲಿ. ವರ್ಷಕ್ಕೊಮ್ಮೆ ಲೆಕ್ಕ ನೋಡುವಾಗ ಅವರು ಕೊಟ್ಟಿದ್ದ ಪ್ರಿಂಟ್‌ಗಳನ್ನು ನಮ್ಮ ಮಾವನವರು ಖಾತೆಪುಸ್ತಕದ ಜೊತೆ ದಾರ ಕಟ್ಟಿ ಇಟ್ಟಿದ್ದರು. ಈ ಮಧ್ಯೆ ಕಂಪನಿಯ ಒಂದು ಪತ್ರದಲ್ಲಿ, ಜುಲೈ 31ರ ಒಳಗೆ ಬಾಕಿ ತೀರದಿದ್ದರೆ ಒಳಗಿನ ಎಲ್ಲ ದತ್ತಾಂಶವನ್ನು ಅಳಿಸಲಾಗುವುದು ಎಂಬ ಸಾಲಿತ್ತು. ಹತ್ತು ವರ್ಷಗಳಲ್ಲಿ ತೆಗೆದ ಸುಮಾರು 23,000 ಚಿತ್ರಗಳು ಅಲ್ಲಿದ್ದವು. ಕೈಮಗ್ಗದ ಸೀರೆಯಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ, ಮಾರಿಹೋದ ಸೀರೆಯ ಚಿತ್ರ ತೋರಿಸಿಯೇ ನೇಕಾರರಿಗೆ ಮತ್ತೊಂದನ್ನು ಹೇಳಿ ನೇಯಿಸುತ್ತೇವೆ. ಅವುಗಳ ಬೇರೊಂದು ಪ್ರತಿ ನಮ್ಮಲ್ಲಿ ಇರಲಿಲ್ಲ. ಆ ಮೂರು ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ.

ಜುಲೈ 8ರ ರಾತ್ರಿ ಖಾತೆ ತೆರೆಯಿತು. ಬಾಕಿ 14,260 ರೂಪಾಯಿ ಕಟ್ಟಿದೆವು, ಬೆಳಗಾಗುವಷ್ಟರಲ್ಲಿ ಜಾಲತಾಣ ಎದ್ದಿತು. ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 8ಕ್ಕೆ ಇದ್ದುದರಿಂದ ಹಬ್ಬದ ವ್ಯಾಪಾರಕ್ಕೆ ಕಂಟಕವಾಗಲಿಲ್ಲ. ಇಲ್ಲಿಗೆ ನಿಲ್ಲಿಸಿಬಿಡಬಹುದಿತ್ತು. ಆದರೆ ಅದೇ ಖಾತೆಯಲ್ಲಿ ಮುಂದುವರಿದರೆ ಮತ್ತೊಮ್ಮೆ ಇದೇ ಗತಿ ಎಂದು ಎಲ್ಲರಿಗೂ ಅನ್ನಿಸಿತ್ತು. ನಮ್ಮದೇ ಹೆಸರಿನಲ್ಲಿ ಹೊಸ ಖಾತೆ ಮಾಡುವುದು, ಮಾಡುವುದಾದರೆ ಬೇರೊಂದು ಕಂಪನಿಯ ಮುಂಬೈ ಕೇಂದ್ರದಲ್ಲಿ ಮಾಡುವುದು ಎಂದು ನಿರ್ಧರಿಸಿದೆವು. ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿರುವ ನಾದಿನಿಯ ಮಗ ಕೆಲಸಕ್ಕೆ ನಿಂತ, ಜರ್ಮನಿಯಿಂದ ಅವರು ಮಾರ್ಗದರ್ಶನ ಮಾಡಿದರು.

ಮುಂಬೈ ಏಕೆಂದು ಕೇಳುವವರಿಗೆ: ಸಮುದ್ರದಡಿಯ ಕೇಬಲ್‌ಗಳು ದೇಶದೊಳಗೆ ಬರುವ ಮುಖ್ಯ ದಡಗಳು ಮುಂಬೈ ಮತ್ತು ಚೆನ್ನೈ, ಭಾರತದ ಡೇಟಾ ಸೆಂಟರ್ ಸಾಮರ್ಥ್ಯದ ಸುಮಾರು ಅರ್ಧ ಭಾಗ ಮುಂಬೈ, ನವಿ ಮುಂಬೈ ಸುತ್ತಲೇ ಇದೆ. ನಮ್ಮ ಗಿರಾಕಿಗಳೂ ಹೆಚ್ಚಾಗಿ ಆ ಕಡೆಯವರೇ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸುಮಾರು 3,900 ಕಿಲೋಮೀಟರ್ ದೂರದ ಸಿಂಗಪುರಕ್ಕೆ ಹೋಗಿಬರಲು ಅದಕ್ಕೂ ಒಂದು ಕ್ಷಣದ ಚೂರು ಬೇಕು. ಒಂದು ಸೀರೆಯ ಪುಟ ತೆರೆಯುವಾಗ ಇಂಥ ಓಡಾಟ ಹತ್ತಾರು ಬಾರಿ ಆಗುವುದರಿಂದ ಆ ಚೂರುಗಳೆಲ್ಲ ಕೂಡಿ ಕಾಯುವಿಕೆಯಾಗುತ್ತದೆ. ಹುಡುಗ ನಮ್ಮ ಅಂಗಡಿಯಿಂದಲೇ ಅಳೆದು ನೋಡಿದಾಗ ಸಿಂಗಪುರಕ್ಕೆ ಒಂದು ಸುತ್ತಿಗೆ 78 ಮಿಲಿಸೆಕೆಂಡ್, ಮುಂಬೈಗೆ 26 ಎಂದು ಬಂತು. ಎರಡನೆಯ ಕಾರಣ ಲೆಕ್ಕದ್ದು. ಹೊಸ ಕಂಪನಿ ರೂಪಾಯಿಯಲ್ಲಿ, ನಮ್ಮ ಜಿಎಸ್‌ಟಿ ಸಂಖ್ಯೆ ಹಾಕಿ ಬಿಲ್ ಕೊಡುತ್ತದೆ; ಅದರ ಮೇಲಿನ 18% ತೆರಿಗೆಯನ್ನು ಸೀರೆಯ 5% ತೆರಿಗೆಗೆ ಎದುರು ಹೊಂದಿಸಿಕೊಳ್ಳಬಹುದು. ಹತ್ತು ವರ್ಷ ಬಿಲ್ಲು ಬೇರೆಯವರ ಹೆಸರಿಗೆ ಬರುತ್ತಿದ್ದುದರಿಂದ ಈ ಲಾಭ ನಮಗೆ ಒಂದು ಪೈಸೆಯೂ ಸಿಕ್ಕಿರಲಿಲ್ಲ.

ದತ್ತಾಂಶವನ್ನು ಭಾರತದಲ್ಲೇ ಇಡಬೇಕೆಂಬ ಕಾನೂನಿದೆ, ಇಲ್ಲದಿದ್ದರೆ ದಂಡ ಬೀಳುತ್ತದೆ ಎಂದು ಒಬ್ಬ ಸಲಹೆಗಾರರು ನಮ್ಮನ್ನು ಹೆದರಿಸಿದ್ದರು. ಅದು ಅರ್ಧ ಸತ್ಯ. ರಿಸರ್ವ್ ಬ್ಯಾಂಕಿನ 2018ರ ಆದೇಶ ಹಣ ಪಾವತಿ ವ್ಯವಸ್ಥೆ ನಡೆಸುವವರ ಪಾವತಿ ದತ್ತಾಂಶಕ್ಕೆ ಸಂಬಂಧಿಸಿದ್ದು, ಸೀರೆಯ ಚಿತ್ರಗಳಿಗಲ್ಲ. ಗಿರಾಕಿಯ ಕಾರ್ಡ್ ಸಂಖ್ಯೆಯನ್ನಂತೂ 2022ರ ಅಕ್ಟೋಬರ್‌ನಿಂದ ಅಂಗಡಿಯವರು ಇಟ್ಟುಕೊಳ್ಳುವಂತೆಯೇ ಇಲ್ಲ, ಅದು ನಮ್ಮಲ್ಲಿ ಎಂದೂ ಇರಲಿಲ್ಲ. ಹೆದರಿಸಿ ಕೆಲಸ ಹಿಡಿಯುವವರಿಂದ ದೂರವಿರಿ.

ಹೊಸ ಖಾತೆ ತೆರೆಯುವಾಗ ನಾವು ಅತಿ ಹೆಚ್ಚು ಹೊತ್ತು ಚರ್ಚಿಸಿದ್ದು ಯಾವ ಇಮೇಲ್ ಕೊಡಬೇಕೆಂಬುದನ್ನು. ಅಂಗಡಿಯ ಹೆಸರಿನ ಇಮೇಲ್ ಕೊಡೋಣ ಎಂದು ನಾನು ಹೇಳಿದೆ. ಹುಡುಗ ಒಪ್ಪಲಿಲ್ಲ. ಅಂಗಡಿಯ ಇಮೇಲ್ ನಡೆಯುವುದು ಅಂಗಡಿಯ ಡೊಮೇನ್, ಅಂದರೆ ಜಾಲವಿಳಾಸದ ಮೇಲೆ. ಡೊಮೇನ್ ಕೆಟ್ಟರೆ ಇಮೇಲೂ ನಿಲ್ಲುತ್ತದೆ, ಅದನ್ನು ಸರಿಪಡಿಸಲು ಬೇಕಾದ ಒಟಿಪಿಯೂ ಅದೇ ನಿಂತ ಇಮೇಲ್‌ಗೆ ಹೋಗುತ್ತದೆ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ. ಹಾಗಾಗಿ ಇದಕ್ಕೆಂದೇ ಪ್ರತ್ಯೇಕ ಇಮೇಲ್ ಮಾಡಿದೆವು. ಸಂಸ್ಥೆಯ ಹೆಸರಿನಲ್ಲಿ ಒಂದು ಸಿಮ್ ತೆಗೆದು, ಅದನ್ನು ಅಂಗಡಿಯಲ್ಲೇ ಇರುವ ಹಳೆಯ ಫೋನಿಗೆ ಹಾಕಿದೆವು. ಒಟಿಪಿ ಬಾರದಿದ್ದಾಗ ಬಳಸುವ ತುರ್ತು ಸಂಕೇತಗಳನ್ನು ಕಾಗದದ ಮೇಲೆ ಮುದ್ರಿಸಿ ತಿಜೋರಿಯಲ್ಲಿಟ್ಟೆವು. ಹುಡುಗನಿಗೆ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರದ ಬೇರೊಂದು ಲಾಗಿನ್ ಕೊಟ್ಟೆವು, ಮುಖ್ಯ ಲಾಗಿನ್ ಕೊಡಲಿಲ್ಲ. ಹೀಗೆ ಮಾಡಬೇಕೆಂದು ಹೇಳಿದವನೂ ಅವನೇ.

ಕಾರ್ಡಿನ ವಿಷಯದಲ್ಲಿ ಒಂದು ಎಚ್ಚರ ಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ ತಾನಾಗಿ ಕಡಿತವಾಗುವ ಇಂಥ ಪಾವತಿ 15,000 ರೂಪಾಯಿ ಮೀರಿದರೆ ಪ್ರತಿ ಬಾರಿಯೂ ನಾವೇ ಒಟಿಪಿ ಕೊಟ್ಟು ಒಪ್ಪಬೇಕು. ನಮ್ಮ ಬಿಲ್ಲು ಅಷ್ಟಾಗುವುದಿಲ್ಲ, ಆದರೂ ಹಬ್ಬದ ತಿಂಗಳಲ್ಲಿ ಏರಿದರೆ ಎಂದು ತಿಂಗಳ ಖರ್ಚು 4,000 ದಾಟಿದೊಡನೆ ನನ್ನ ಫೋನಿಗೆ ಸಂದೇಶ ಬರುವಂತೆ ಮೊದಲ ದಿನವೇ ಹೊಂದಿಸಿಟ್ಟೆವು.

ಇನ್ನು ಡೊಮೇನ್ ವಿಷಯ. ಇದೂ ಜರ್ಮನಿಯಲ್ಲಿರುವ ಆ ಹುಡುಗರ ಹೆಸರಿನಲ್ಲೇ ಇದೆ, ಆಗಸ್ಟ್ 28ಕ್ಕೆ ಅವಧಿ ಮುಗಿಯುತ್ತದೆ ಎಂದು ಗೊತ್ತಾದದ್ದು ಜುಲೈ ಕೊನೆಯ ವಾರ. ನಮ್ಮದು ಡಾಟ್ ಇನ್ ವಿಳಾಸ. ಅವುಗಳ ಮೇಲುಸ್ತುವಾರಿ ನಿಕ್ಸಿ ಎಂಬ ಸಂಸ್ಥೆಯದು, ನಮಗೆ ಮಾರುವುದು ಅದರ ಕೆಳಗಿನ ರಿಜಿಸ್ಟ್ರಾರ್ ಕಂಪನಿಗಳು. ವರ್ಗಾವಣೆಗೆ ಒಂದು ರಹಸ್ಯ ಸಂಕೇತ ಬೇಕು, ಅದು ಹೋಗುವುದು ನೋಂದಾಯಿತ ಇಮೇಲ್‌ಗೆ, ಆ ಇಮೇಲ್ ಅದೇ ಹಳೆಯದು. ರಿಜಿಸ್ಟ್ರಾರ್ ಕಂಪನಿ ಅವರ ಒಪ್ಪಿಗೆ ಪತ್ರ, ಗುರುತಿನ ದಾಖಲೆ ಮತ್ತು ನಮ್ಮ ಅಫಿಡವಿಟ್ ಕೇಳಿತು. 100 ರೂಪಾಯಿಯ ಇ-ಸ್ಟ್ಯಾಂಪ್ ಕಾಗದದ ಮೇಲೆ ಬರೆಸಿ ನೋಟರಿ ಮಾಡಿಸಿದೆವು. ಮೊದಲ ಅಫಿಡವಿಟ್ ತಿರಸ್ಕೃತವಾಯಿತು. ಅದರಲ್ಲಿ ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಎಲ್ ಆದ ಮೇಲೆ ಒಂದು ಎ ಹೆಚ್ಚಿಗೆ ಇತ್ತು, ಜಿಎಸ್‌ಟಿ ಪತ್ರದಲ್ಲಿ ಅದು ಇರಲಿಲ್ಲ. ಈ ಒಂದು ಅಕ್ಷರ ಮುಂದೆ ಪೇಮೆಂಟ್ ಗೇಟ್‌ವೇಯಲ್ಲೂ, ಅಂದರೆ ಗಿರಾಕಿಗಳ ಆನ್‌ಲೈನ್ ಪಾವತಿಯನ್ನು ನಮಗೆ ಮುಟ್ಟಿಸುವ ಕಂಪನಿಯಲ್ಲೂ, ನಮ್ಮನ್ನು ಕಾಡಿತು. ಬ್ಯಾಂಕ್ ಪಾಸ್‌ಬುಕ್, ಪ್ಯಾನ್, ಜಿಎಸ್‌ಟಿ, ಅಂಗಡಿ ಪರವಾನಗಿ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡುವ ಕೆಲಸವನ್ನು ಯಾರೇ ಆಗಲಿ ಎಲ್ಲಕ್ಕಿಂತ ಮೊದಲು ಮಾಡಬೇಕು.

ಅವಧಿ ಮುಗಿಯುವ ಹೊತ್ತಿನಲ್ಲಿ ವರ್ಗಾವಣೆಗೆ ಕೈಹಾಕಬಾರದೆಂದು ಮೊದಲು ಅವರ ಹೆಸರಿನಲ್ಲೇ ಒಂದು ವರ್ಷ ನವೀಕರಿಸಿದೆವು, ನಂತರ ಹೆಸರು ಬದಲಿಸಿಕೊಂಡೆವು. ಒಟ್ಟು 1,840 ರೂಪಾಯಿ, 24 ದಿನ. ಮಾಡಿಕೊಟ್ಟವರು ನಮ್ಮ ಹುಡುಗರಷ್ಟು ಒಳ್ಳೆಯವರಾಗಿರದೆ ಡೊಮೇನ್ ಬಿಟ್ಟುಕೊಡಲು ಒಪ್ಪದಿದ್ದರೆ ನಿಕ್ಸಿಯ ವಿವಾದ ಪರಿಹಾರ ವ್ಯವಸ್ಥೆಯ ಮೊರೆ ಹೋಗಬೇಕಾಗುತ್ತದೆ, ಅಲ್ಲಿ ವಕೀಲರ ಖರ್ಚು ಬೇರೆ.

ಸಾಮಾನು ಸಾಗಿಸಲು ಬಾಡಿಗೆ ಎಷ್ಟಾಗಬಹುದೆಂಬ ಚಿಂತೆಯೂ ಇತ್ತು. ಕ್ಲೌಡ್ ಕಂಪನಿಗಳು ಒಳಗೆ ತರುವ ದತ್ತಾಂಶಕ್ಕೆ ಸಾಮಾನ್ಯವಾಗಿ ಹಣ ಕೇಳುವುದಿಲ್ಲ, ಹೊರಗೆ ಒಯ್ಯುವುದಕ್ಕೆ ಗಿಗಾಬೈಟ್ ಲೆಕ್ಕದಲ್ಲಿ ಕೇಳುತ್ತವೆ. ನಮ್ಮದು 186 ಗಿಗಾಬೈಟ್. ಯುರೋಪಿನಲ್ಲಿ ಈ ಕುರಿತು ಹೊಸ ಕಾನೂನು ಬಂದ ಹಿನ್ನೆಲೆಯಲ್ಲಿ 2024ರ ಆರಂಭದಲ್ಲಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂರೂ ಒಂದರ ಹಿಂದೊಂದರಂತೆ, ಪೂರ್ತಿಯಾಗಿ ಬಿಟ್ಟುಹೋಗುವ ಗ್ರಾಹಕರಿಂದ ಈ ಶುಲ್ಕ ಪಡೆಯುವುದಿಲ್ಲವೆಂದು ಘೋಷಿಸಿದ್ದವು. ಆದರೆ ಅದು ತಾನಾಗಿ ಸಿಗುವುದಿಲ್ಲ, ಸಾಗಿಸುವ ಮೊದಲೇ ಬರೆದು ಕೇಳಬೇಕು. ನಾವೂ ನಮ್ಮ ಹಳೆಯ ಕಂಪನಿಗೆ ಬರೆದೆವು. ಸೆಪ್ಟೆಂಬರ್ 1ಕ್ಕೆ ಒಪ್ಪಿಗೆ ಬಂತು, 60 ದಿನಗಳ ಒಳಗೆ ಖಾಲಿ ಮಾಡಬೇಕೆಂಬ ಷರತ್ತಿನೊಡನೆ. ನಿಜ ಹೇಳಬೇಕೆಂದರೆ ಅಷ್ಟೊಂದು ಸಾಗಿಸುವ ಅಗತ್ಯವೇ ಇರಲಿಲ್ಲ. ಒಂದೊಂದು ಚಿತ್ರ 8 ಮೆಗಾಬೈಟ್ ತೂಗುತ್ತಿತ್ತು. ಗಿರಾಕಿಗೆ ತೋರಿಸಲು ಕುಗ್ಗಿಸಿದ ಪ್ರತಿಗಳೆಲ್ಲ ಸೇರಿ 21 ಗಿಗಾಬೈಟ್‌ನಲ್ಲಿ ಕುಳಿತವು. ಮೂಲ ಚಿತ್ರಗಳನ್ನು ಕಡಿಮೆ ಬಾಡಿಗೆಯ, ಅಪರೂಪಕ್ಕೆ ತೆಗೆಯುವ ಉಗ್ರಾಣಕ್ಕೆ ಹಾಕಿದೆವು.

ಸ್ಥಳಾಂತರಕ್ಕೆ ಸೆಪ್ಟೆಂಬರ್ 7ರ ಭಾನುವಾರದ ರಾತ್ರಿಯನ್ನು ಗೊತ್ತು ಮಾಡಿದ್ದಕ್ಕೆ ಕಾರಣವಿತ್ತು. ಮರುದಿನದಿಂದ ಪಿತೃಪಕ್ಷ, ಆ ಹದಿನೈದು ದಿನ ಹೊಸ ಸೀರೆ ಕೊಳ್ಳುವವರು ಕಡಿಮೆ. ಎರಡು ದಿನ ಮೊದಲೇ, ಅಂಗಡಿ ಯಾವ ಯಂತ್ರದಲ್ಲಿದೆ ಎಂದು ಹೇಳುವ ಡೊಮೇನ್ ದಾಖಲೆಯ ಬಾಳಿಕೆಯ ಅವಧಿಯನ್ನು 24 ಗಂಟೆಯಿಂದ 5 ನಿಮಿಷಕ್ಕೆ ಇಳಿಸಿದ್ದೆವು. ಹಾಗೆ ಮಾಡದಿದ್ದರೆ ನಾವು ಮನೆ ಬದಲಿಸಿದ ಮೇಲೂ ಒಂದು ದಿನದವರೆಗೆ ಕೆಲವು ಗಿರಾಕಿಗಳು ಹಳೆಯ ಮನೆಯ ಬಾಗಿಲಿಗೇ ಹೋಗುತ್ತಿರುತ್ತಾರೆ. ಎಲ್ಲ ಸಿದ್ಧವಾದ ಮೇಲೆ ನಮ್ಮ ಅತ್ತೆಯವರು ಕ್ಯಾಲೆಂಡರ್ ತೋರಿಸಿದರು. ಅದೇ ರಾತ್ರಿ ಖಗ್ರಾಸ ಚಂದ್ರಗ್ರಹಣ. "ಗ್ರಹಣ ಹಿಡಿದಾಗ ಅನ್ನಾ ಸೈತ ಉಣ್ಣಂಗಿಲ್ಲ, ನೀವು ಮನಿ ಬದಲಿ ಮಾಡಾಕ ಹೊಂಟೀರೇನವಾ?" ಎಂದರು. ನನಗೆ ಅಂಥ ನಂಬಿಕೆ ಅಷ್ಟಿಲ್ಲ. ಆದರೆ ಏನಾದರೂ ಕೆಟ್ಟರೆ ಜೀವನಪೂರ್ತಿ ಕೇಳಬೇಕಾಗುವ ಮಾತನ್ನು ನೆನೆದು ಮೋಕ್ಷಕಾಲದವರೆಗೆ ಕಾಯಲು ಒಪ್ಪಿದೆ. ರಾತ್ರಿ 1.26ಕ್ಕೆ ಗ್ರಹಣ ಬಿಟ್ಟಿತು. ಅತ್ತೆ ಸ್ನಾನಕ್ಕೆ ಹೋದರು, ನಾವು ಸಿಂಗಪುರದ ಅಂಗಡಿಯಲ್ಲಿ "ಸ್ವಲ್ಪ ಹೊತ್ತು ಮುಚ್ಚಿದೆ" ಎಂಬ ಹಲಗೆ ತೂಗುಹಾಕಿದೆವು.

ಆರ್ಡರ್‌ಗಳ ಕೊನೆಯ ಪ್ರತಿ ಮುಂಬೈಗೆ ಇಳಿಯಲು ನಲವತ್ತು ನಿಮಿಷ ಸಾಕಾಯಿತು. ಹೊಸ ಪುಟ ತೆರೆದಾಗ ಹುಡುಗ, "ಅತ್ತಿ, ಕನ್ನಡ ಎಲ್ಲಾ ಹೋತು!" ಎಂದು ಕೂಗಿದ. ಸೀರೆಗಳ ಹೆಸರು, ವಿವರ, ನೇಕಾರರ ಪರಿಚಯ ಎಲ್ಲವೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿದ್ದವು. ಇಂಗ್ಲಿಷ್ ಮಾತ್ರ ನೆಟ್ಟಗಿತ್ತು. ಹಳೆಯ ದತ್ತಸಂಚಯದಲ್ಲಿ ಅಕ್ಷರಗಳನ್ನು ಬರೆದಿಟ್ಟ ಪದ್ಧತಿ ಬೇರೆ, ಹೊಸದರಲ್ಲಿ ಬೇರೆ. ಪ್ರತಿ ತೆಗೆಯುವಾಗಲೇ ಅದನ್ನು ಹೇಳಬೇಕಿತ್ತು. ಹಳೆಯದನ್ನು ಅಳಿಸಿರಲಿಲ್ಲವಾದ್ದರಿಂದ ಮತ್ತೊಮ್ಮೆ ಸರಿಯಾಗಿ ಪ್ರತಿ ತೆಗೆದೆವು. ಕನ್ನಡ ಬಳಸುವವರಿಗೆ ಈ ತೊಂದರೆ ಬರಬಹುದು, ಒಂದು ಸೀರೆಯ ಪುಟವನ್ನಷ್ಟೇ ಮೊದಲು ಸಾಗಿಸಿ ಓದಿ ನೋಡಿ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆ ಹೂಡಿ, ಕೊಂಡಿ ಹಾಕಿ ಎಳೆ ಎಳೆಯಾಗಿ ಕೂಡಿಸುತ್ತಾರೆ; ಒಂದು ಕೊಂಡಿ ತಪ್ಪಿದರೂ ಸೆರಗಿನ ಬುಡದಲ್ಲಿ ಕಾಣುತ್ತದೆ. ಜಾಲತಾಣದ ಕೊಂಡಿಗಳೂ ಹಾಗೆಯೇ ಎಂದು ಮುಂದಿನ ವಾರ ತಿಳಿಯಿತು. ಸೋಮವಾರ ಮೂವರು ಗಿರಾಕಿಗಳ ಖಾತೆಯಿಂದ ಹಣ ಕಡಿತವಾಯಿತು, ನಮ್ಮಲ್ಲಿ ಆರ್ಡರ್ ದಾಖಲಾಗಲಿಲ್ಲ. ಹಣ ಬಂತೆಂದು ಪೇಮೆಂಟ್ ಗೇಟ್‌ವೇ ನಮ್ಮ ಸರ್ವರ್‌ಗೆ ತಿಳಿಸುವ ವಿಳಾಸ ಇನ್ನೂ ಸಿಂಗಪುರದ ಯಂತ್ರದ ಐಪಿ, ಅಂದರೆ ಅಂಕಿಗಳ ವಿಳಾಸವೇ ಆಗಿತ್ತು. ವಿಳಾಸ ಬದಲಿಸಲು ಹೋದಾಗ ಗೇಟ್‌ವೇಯವರು ಮರುಪರಿಶೀಲನೆ ಆರಂಭಿಸಿದರು. ಗ್ರಾಹಕ ಸಂರಕ್ಷಣೆಯ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರರ ಪೂರ್ಣ ಹೆಸರು, ವಿಳಾಸ, ಹಿಂದಿರುಗಿಸುವಿಕೆ ಮತ್ತು ಹಣ ವಾಪಸಾತಿಯ ಷರತ್ತುಗಳು, ದೂರು ಆಲಿಸುವ ಅಧಿಕಾರಿಯ ಹೆಸರು ಪುಟದಲ್ಲಿ ಇರಬೇಕು. ದೂರು ಬಂದರೆ 48 ಗಂಟೆಯಲ್ಲಿ ಮುಟ್ಟಿತೆಂದು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. 2015ರ ನಮ್ಮ ಪುಟಗಳಲ್ಲಿ ಇವೆಲ್ಲ ಎಲ್ಲಿಂದ ಬರಬೇಕು? ಬರೆದು ಹಾಕಿದೆವು. ದೂರು ಅಧಿಕಾರಿ ನಾನೇ. ಆರು ದಿನ ಆನ್‌ಲೈನ್ ಪಾವತಿ ನಿಂತಿತ್ತು. ಆ ಮೂವರಿಗೂ ನಾನೇ ಫೋನ್ ಮಾಡಿ, ವಿಷಯ ತಿಳಿಸಿ, ಸೀರೆ ಕಳುಹಿಸಿದೆ.

ಗಿರಾಕಿಗೆ ಹೋಗುವ ಎಸ್ಎಂಎಸ್ ಕೂಡ ನಿಂತಿತು. ವ್ಯಾಪಾರದ ಸಂದೇಶ ಕಳುಹಿಸುವವರು ದೂರಸಂಪರ್ಕ ಕಂಪನಿಯ ಡಿಎಲ್‌ಟಿ ಪಟ್ಟಿಯಲ್ಲಿ ನೋಂದಾಯಿಸಿ, ಕಳುಹಿಸುವವರ ಹೆಸರಿಗೂ ಪ್ರತಿಯೊಂದು ಒಕ್ಕಣೆಗೂ ಒಪ್ಪಿಗೆ ಪಡೆಯಬೇಕು. ನಮ್ಮದು ಹುಬ್ಬಳ್ಳಿಯ ಅವರ ಸಂಸ್ಥೆಯ ನೋಂದಣಿಯಲ್ಲಿ ನಡೆಯುತ್ತಿತ್ತು. ಹೊಸದಾಗಿ 5,900 ರೂಪಾಯಿ ಕಟ್ಟಿ ನೋಂದಾಯಿಸಿದೆವು. ಕನ್ನಡದ ಒಕ್ಕಣೆ ಎರಡು ಬಾರಿ ತಿರಸ್ಕೃತವಾಗಿ ಮೂರನೆಯ ಬಾರಿ ಅಂಗೀಕಾರವಾಯಿತು. ಇಮೇಲ್‌ಗಳು ಗಿರಾಕಿಗಳ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತಿದ್ದುದು ಡೊಮೇನ್ ದಾಖಲೆಯಲ್ಲಿ ಹೊಸ ಸರ್ವರ್‌ನ ಹೆಸರು ಸೇರಿಸಿದ ಮೇಲೆ ನಿಂತಿತು.

ಖರ್ಚಿನ ಲೆಕ್ಕ ಕೇಳುವವರಿಗಾಗಿ: ಹಳೆಯ ಬಾಕಿಯನ್ನು ಬಿಟ್ಟರೆ ಡೊಮೇನ್ 1,840, ಡಿಎಲ್‌ಟಿ 5,900, ಸ್ಟ್ಯಾಂಪ್ ಮತ್ತು ನೋಟರಿ 700, ಸಿಮ್ ಹಾಗೂ ಹಾರ್ಡ್ ಡಿಸ್ಕಿನ ರಿಪೇರಿ 1,150, ಎರಡೂ ಕಡೆ ಬಾಡಿಗೆ ಬಿದ್ದ ಎರಡು ತಿಂಗಳಿಗೆ ಹೆಚ್ಚುವರಿ 6,200, ಒಟ್ಟು 15,790 ರೂಪಾಯಿ. ಜೂನ್–ಜುಲೈನಲ್ಲಿ ಕೈತಪ್ಪಿದ ವ್ಯಾಪಾರ ಇದರಲ್ಲಿಲ್ಲ. ತಿಂಗಳ ಬಾಡಿಗೆ 4,750ರಿಂದ 3,100ಕ್ಕೆ ಇಳಿದಿದೆ. ಇಳಿದದ್ದು ಮುಂಬೈಗೆ ಬಂದದ್ದರಿಂದಲ್ಲ. ಹಳೆಯ ಖಾತೆಯಲ್ಲಿ 2018ರಿಂದ ಯಾರೂ ಮುಟ್ಟದ ಡಿಸ್ಕಿನ ಪ್ರತಿಗಳು ಬಿದ್ದಿದ್ದವು, ಅವಕ್ಕೂ ಏಳು ವರ್ಷ ಬಾಡಿಗೆ ಕಟ್ಟಿದ್ದೆವು.

ಅಕ್ಟೋಬರ್ 20ರ ನರಕ ಚತುರ್ದಶಿಯ ಮಧ್ಯಾಹ್ನ ಅಮೆಜಾನ್ ಕ್ಲೌಡಿನ ಅಮೆರಿಕದ ವರ್ಜೀನಿಯಾ ಕೇಂದ್ರದಲ್ಲಿ ವಿಳಾಸ ಹುಡುಕುವ ವ್ಯವಸ್ಥೆಯ ದೋಷದಿಂದ ಜಗತ್ತಿನ ಎಷ್ಟೋ ಸೇವೆಗಳು ನಿಂತ ಸುದ್ದಿ ಬಂತು. ಅದು ನಮಗೆ ತಟ್ಟಲಿಲ್ಲ, ಆದರೆ ಅಷ್ಟು ದೊಡ್ಡವರ ಯಂತ್ರವೂ ನಿಲ್ಲುತ್ತದೆಂದ ಮೇಲೆ ಮುಂಬೈಯೊಂದನ್ನೇ ನಂಬಿ ಕೂರುವುದು ಬೇಡವೆನ್ನಿಸಿತು. ಬಲಿಪಾಡ್ಯಮಿಯ ದಿನ ಎಲ್ಲ ಚಿತ್ರಗಳನ್ನೂ ಆರ್ಡರ್‌ಗಳನ್ನೂ ಹಾರ್ಡ್ ಡಿಸ್ಕಿಗೆ ಇಳಿಸಿ, ಖಾತೆಪುಸ್ತಕಗಳ ಪಕ್ಕ ಇಟ್ಟೆವು. ಈಗ ಪ್ರತಿ ಭಾನುವಾರ ಸಂಜೆ ಆ ಕೆಲಸ ನನ್ನದು.

ಹಳೆಯ ಖಾತೆ ಮುಚ್ಚುವುದೂ ಒಂದು ಕೆಲಸವೇ. ಸರ್ವರ್ ನಿಲ್ಲಿಸಿದರೆ ಬಿಲ್ ನಿಲ್ಲುತ್ತದೆಂದು ತಿಳಿದಿದ್ದೆವು. ಸೆಪ್ಟೆಂಬರ್ ಕೊನೆಗೆ 318 ರೂಪಾಯಿ ಬಂತು, ಬಳಸದೆ ಉಳಿದಿದ್ದ ಒಂದು ಸ್ಥಿರ ಐಪಿ ವಿಳಾಸಕ್ಕೆ. ಹತ್ತು ವರ್ಷಗಳ ಗಿರಾಕಿಗಳ ಫೋನ್ ನಂಬರು, ಮನೆ ವಿಳಾಸ ಆ ಡಿಸ್ಕಿನಲ್ಲಿದ್ದವು. ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ 2023ರಲ್ಲಿ ಕಾನೂನೇ ಬಂದಿದೆ, ಬರದಿದ್ದರೂ ಗಿರಾಕಿಗಳ ವಿಳಾಸವನ್ನು ಬೀದಿಯಲ್ಲಿ ಬಿಟ್ಟುಬರುವಂತಿರಲಿಲ್ಲ. ಒಂದೊಂದನ್ನೂ ಅಳಿಸಿ, ಪಟ್ಟಿ ಖಾಲಿಯಾಗಿರುವುದನ್ನು ನೋಡಿ, ಅಕ್ಟೋಬರ್ 27ರಂದು ಅವರೇ ಜರ್ಮನಿಯಿಂದ ಖಾತೆ ಮುಚ್ಚಿದರು. "ಇನ್ನ ನನ್ನ ಹೆಸರಿಗೆ ನಿಮ್ಮ ಬಿಲ್ ಬರಾಂಗಿಲ್ಲರಿ ಅಕ್ಕಾರ" ಎಂದು ನಕ್ಕರು. ಅವರು ಹಣ ತೆಗೆದುಕೊಳ್ಳಲು ಒಪ್ಪಲಿಲ್ಲವಾದ್ದರಿಂದ ಹುಬ್ಬಳ್ಳಿಯ ಅವರ ತಾಯಿಗೆ ಟೋಪ್ ತೆನಿ ಸೆರಗಿನದೊಂದು ಸೀರೆಯನ್ನು ಹೊಸ ಜಾಲತಾಣದಿಂದಲೇ ಆರ್ಡರ್ ಮಾಡಿ ಕಳುಹಿಸಿದೆ. ಪಾವತಿ ದಾಖಲಾಯಿತು, ಸಂದೇಶ ಕನ್ನಡದಲ್ಲೇ ಹೋಯಿತು. ಮೂರನೆಯ ದಿನ ಅವರು ಫೋನ್ ಮಾಡಿ ಸೀರೆ ಮುಟ್ಟಿತೆಂದರು.